ಬರೀ ನೀರಿಗೆ ಹಚ್ಚಿದ ಒಲೆ

ಹೊಳೆಯ ದಡದಲ್ಲಿ ಒಂದು ಪುಟ್ಟ ಆಶ್ರಮ. ಅಲ್ಲಿದ್ದವರು ಇಬ್ಬರೇ. ಯೇಸುಸ್ವಾಮಿಯ ಹೆಸರಲ್ಲಿ ಕಾವಿ ಉಟ್ಟು ಮುದುಕರಾದ ಇನ್ನಾಸಪ್ಪ ಗುರುಗಳು, ಮತ್ತು ಅವರ ಶಿಷ್ಯ ಚೌರಪ್ಪ.

ಅಕ್ಕಿ ಬೇಳೆ ಆಚೆ ದಡದ ಚರ್ಚಿನಿಂದ ದೋಣಿಯಲ್ಲಿ ಬರುತ್ತಿತ್ತು. ಅದರಲ್ಲೇ ಪ್ರತಿ ಭಾನುವಾರ ಪಕ್ಕದ ಬೆಸ್ತರ ಹಟ್ಟಿಯವರಿಗೂ ಊಟ ಬಡಿಸುತ್ತಿದ್ದರು.

ಆ ವರ್ಷ ಹೊಳೆ ತುಂಬಿ ದೋಣಿ ನಿಂತುಹೋಯಿತು. ಅದೇ ಹೊತ್ತಿಗೆ ಗುರುಗಳಿಗೆ ಜ್ವರ ಬಂತು. ಜ್ವರ ಇಳಿಯುವಷ್ಟರಲ್ಲಿ ಅಕ್ಕಿ ಡಬ್ಬ ಖಾಲಿಯಾಗಿತ್ತು.

ಮುದುಕರಿಗೆ ಎದ್ದು ಕೂರುವ ಶಕ್ತಿಯೂ ಉಳಿದಿರಲಿಲ್ಲ. ಹೊಟ್ಟೆಗೆ ಏನಾದರೂ ಬೀಳದಿದ್ದರೆ ಇವರು ಉಳಿಯುವುದಿಲ್ಲ ಎಂದು ಚೌರಪ್ಪನಿಗೆ ಗೊತ್ತಿತ್ತು. ಅವನಿಗೆ ಭಯವಾಯಿತು. ತಂದೆ ತಾಯಿ ಇಲ್ಲದವನಿಗೆ ಇದ್ದವರು ಅವರೊಬ್ಬರೇ.

ಶಿಲುಬೆಯ ಮುಂದೆ ಮೊಣಕಾಲೂರಿ ಬೇಡಿಕೊಂಡ. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದ.

ಮರುದಿನವೂ ಹಾಗೇ ಮಾಡಿದ.

ಒಳಗಿನಿಂದ ಗುರುಗಳು ಕರೆದರು.

"ಚೌರಪ್ಪ, ನಿನ್ನೆಯಿಂದ ಹೊಗೆ ಬರ್ತಾ ಇದೆ. ಅನ್ನದ ವಾಸನೆ ಮಾತ್ರ ಇಲ್ಲ. ಒಲೆ ಮೇಲೆ ಏನಿಟ್ಟಿದ್ದೀಯ?"

"ನೀರು, ಗುರುಗಳೇ."

"ನೀರಿಗೆ ಏನು ಹಾಕ್ತೀಯ?"

"ಹಾಕೋಕೆ ಏನೂ ಇಲ್ಲ."

"ಮತ್ತೆ ಸೌದೆ ಯಾಕೆ ದಂಡ ಮಾಡ್ತೀಯ?"

ಚೌರಪ್ಪ ತಲೆ ತಗ್ಗಿಸಿದ. "ಹೊಗೆ ಕಾಣಲಿ ಅಂತ."

"ಯಾರಿಗೆ?"

"ಹಟ್ಟಿಯವರಿಗೆ. ಹೊಗೆ ಏಳದಿದ್ರೆ ಅವರಿಗೆ ಗೊತ್ತಾಗಿಬಿಡುತ್ತೆ. ದೇವರು ಒದಗಿಸ್ತಾನೆ ಅಂತ ಪ್ರತಿ ಭಾನುವಾರ ನಾನೇ ಅವರಿಗೆ ಹೇಳಿದ್ದೀನಿ. ಈಗ ಆ ದೇವರು ಇವರಿಗೇ ಅನ್ನ ಕೊಡಲಿಲ್ಲ ಅಂತ ಆಡಿಕೊಳ್ಳಲ್ವಾ?"

"ಓಹೋ. ದೇವರ ಮಾನ ಕಾಪಾಡ್ತಾ ಇದ್ದೀಯ."

"ಹೌದು."

"ಪಾಪ, ನೀನಿಲ್ಲದಿದ್ರೆ ಅವನ ಗತಿ ಏನಾಗ್ತಿತ್ತೋ."

ಗುರುಗಳಿಗೆ ಕೆಮ್ಮು ಬಂತು. ಚೌರಪ್ಪ ಬೆನ್ನು ನೀವಿ ನೀರು ಕುಡಿಸಿದ.

"ಒಲೆ ಮೇಲಿನ ನೀರು ಚೆಲ್ಲು. ಪಾತ್ರೆ ತಗೊಂಡು ಹಟ್ಟಿಗೆ ಹೋಗು."

"ಹೋಗಿ?"

"ಕೇಳು."

"ನಮ್ಮ ಕೈಲಿ ಉಂಡವರ ಮುಂದೆ ಕೈ ಚಾಚೋದಾ, ಗುರುಗಳೇ? ನಾನು ದೇವರನ್ನ ಕೇಳಿದ್ದೀನಿ. ನಂಬಿದ್ದೀನಿ. ಅವನೇ ಕೊಡಲಿ."

ಗುರುಗಳು ಕಣ್ಣು ಮುಚ್ಚಿದರು.

ಮುಚ್ಚಿದ ಕಣ್ಣು ತೆರೆಯುತ್ತಾರೇನೋ ಎಂದು ಚೌರಪ್ಪ ಕಾದ. ಉಸಿರು ಸಣ್ಣಗೆ ಆಡುತ್ತಿತ್ತು, ಅಷ್ಟೆ. ಅವನು ನೀರು ಚೆಲ್ಲಿ ಪಾತ್ರೆ ಹಿಡಿದು ಹೊರಟ.

ಹಟ್ಟಿಯ ಮೊದಲ ಮನೆ ಚಿಕ್ಕತಾಯಮ್ಮನದು. ಭಾನುವಾರದ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಕೂತು, ಎಲ್ಲರಿಗಿಂತ ನಿಧಾನವಾಗಿ ಉಣ್ಣುವ ಮುದುಕಿ. ಚೌರಪ್ಪ ಅವಳ ಬಾಗಿಲಲ್ಲಿ ನಿಂತ. ಪಾತ್ರೆಯನ್ನು ಮುಂದೆ ಹಿಡಿದ.

ಅವಳು ಪಾತ್ರೆ ನೋಡಿದಳು. ಅವನ ಮುಖ ನೋಡಿದಳು.

"ಯಾಕೆ ಮರಿಸ್ವಾಮಿ, ಅಕ್ಕಿ ಮುಗೀತಾ?"

"ಯಾವಾಗಲೋ ಮುಗೀತಮ್ಮ. ಗುರುಗಳ ಹೊಟ್ಟೆಗೆ ಏನೂ ಬಿದ್ದಿಲ್ಲ."

"ಅಯ್ಯೋ ಶಿವನೇ. ದೊಡ್ಡಸ್ವಾಮೇರ್ಗೆ ಜ್ವರ ಅಂತ ನಿನ್ನೆ ರಾಗಿ ಗಂಜಿ ಕಾಯಿಸ್ಕೊಂಡು ನಿಮ್ಮ ಬೇಲಿ ಗಂಟ ಬಂದಿದ್ದೆ ಕಣಪ್ಪ. ನೋಡಿದ್ರೆ ಒಲೆ ಉರೀತಿತ್ತು. ಅಕ್ಕಿ ಬೇಯೋ ಮನೆಗೆ ನನ್ನ ಗಂಜಿ ಯಾಕೆ ಅಂತ ನಾಚ್ಕೆ ಆಯ್ತು. ತಿರುಗಿ ಬಂದ್ಬಿಟ್ಟೆ."

ಅವಳು ಒಳಗೆ ಹೋಗಿ ಗಡಿಗೆ ತಂದಳು. ತಳ ಕೆರೆದು ಅವನ ಪಾತ್ರೆಗೆ ಸುರಿದಳು.

"ನಿನಗಮ್ಮ?"

"ನಂದಿರ್ಲಿ. ಆರೋಗುತ್ತೆ, ನಡಿ ನೀನು."

ಚೌರಪ್ಪ ಗುರುಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದ. ಕುಡಿಸುತ್ತಲೇ ಚಿಕ್ಕತಾಯಮ್ಮ ಹೇಳಿದ್ದನ್ನೆಲ್ಲ ಹೇಳಿದ. ಗುರುಗಳು ಕಣ್ಣು ಬಿಟ್ಟರು. ಅರ್ಧ ಮುಗಿದ ಮೇಲೆ ಅವನ ಕೈ ತಡೆದು, "ಉಳಿದದ್ದು ನೀನು ಕುಡಿ" ಎಂದರು.

ಕುಡಿಯುವಾಗ ಅವನಿಗೆ ಅಳು ಬಂತು. ಸಂತೋಷಕ್ಕೋ ಸಿಟ್ಟಿಗೋ ಅವನಿಗೇ ತಿಳಿಯಲಿಲ್ಲ.

"ನಿನ್ನೆ ಅಷ್ಟೊಂದು ಬೇಡಿಕೊಂಡೆ, ಗುರುಗಳೇ. ನೀವು ಎಲ್ಲಿ ಹೋಗಿಬಿಡ್ತೀರೋ ಅಂತ ಹೆದರಿ ಬೇಡಿಕೊಂಡೆ. ನಿನ್ನೆ ಯಾಕೆ ದೇವರು ಬರಲಿಲ್ಲ?"

"ಬಂದಿದ್ದನಲ್ಲಪ್ಪ," ಎಂದರು ಗುರುಗಳು. "ಇಲ್ಲಿ ಅಡುಗೆ ಆಗ್ತಿದೆ ಅಂತ ನಾಚಿಕೊಂಡು, ಬೇಲಿಯಿಂದಲೇ ವಾಪಸ್ ಹೋದ."