ಬಿಡಲು ಮರೆತ ತೋಳು

ಹೊಳೆ ದಂಡೆಯ ಗರಡಿಗೆ ಜವರಾಯಿ ಹೊಟ್ಟೆ ಹಿಡಿದುಕೊಂಡು ಬಂದ. ಉಸ್ತಾದ್ ಪುಟ್ಟೀರಯ್ಯ ಕುಸ್ತಿ ಆಡುವ ಮಟ್ಟಿಯ ಕೆಮ್ಮಣ್ಣು ಹದ ಮಾಡುತ್ತಿದ್ದರು.

“ಮತ್ತೆ ರಕ್ತ ಹೋಯಿತು, ಉಸ್ತಾದರೇ.”

“ಡಾಕ್ಟರು ಏನಂದರು?”

“ಹೀಗೇ ಆದರೆ ಕರುಳು ಕತ್ತರಿಸಬೇಕಂತೆ. ಕತ್ತರಿಸಿದರೆ ನನ್ನ ಕುಸ್ತಿ ಅಲ್ಲಿಗೇ ಮುಗೀತು.”

“ಯಾವ ರೋಗಾಣುವಂತೆ?”

“ಒಂದೂ ಸಿಗಲಿಲ್ಲವಂತೆ. ನನ್ನ ಮೈಯ ಕಾವಲೇ ನನ್ನ ಕರುಳನ್ನು ಕಚ್ಚುತ್ತಿದೆ ಅಂತಾರೆ. ಕಾಯೋನೇ ಹೊಡೆಯೋದುಂಟೆ? ಎಲ್ಲೋ ಶತ್ರು ಅಡಗಿದ್ದಾನೆ. ಅವನನ್ನು ಕೊಲ್ಲೋ ಮದ್ದು ಕೊಡಿ.”

“ಇಲ್ಲಿಯವರೆಗೆ ಏನೇನು ಕೊಂದೆ?”

ಜವರಾಯಿ ಎದೆ ನೆಟ್ಟಗೆ ಮಾಡಿದ.

“ಒಂದು ಸಲ ಭೇದಿ ಹತ್ತಿ ಕುಸ್ತಿ ಸೋತೆನಲ್ಲ, ಅವತ್ತಿನಿಂದ ಹೊಟ್ಟೇಲಿ ಒಂದು ಕ್ರಿಮಿ ಉಳಿಯೋಕೆ ಬಿಟ್ಟಿಲ್ಲ. ಗುಡುಗುಡು ಅಂದರೆ ಸಾಕು, ಅಂಗಡಿಯಿಂದ ಮಾತ್ರೆ ತಂದು ನುಂಗಿದೆ. ಮಜ್ಜಿಗೆ ಬಿಟ್ಟೆ, ಸೊಪ್ಪು ಕಾಳು ಬಿಟ್ಟೆ. ಇನ್ನೊಬ್ಬರ ಬೆವರು ತಾಗಬಾರದು ಅಂತ ಮಟ್ಟಿಗೂ ಇಳಿದಿಲ್ಲ. ಮನೇಲಿ ಒಬ್ಬನೇ ಸಾಮು ಮಾಡಿದ್ದೇನೆ. ನೋಡಿ ತೋಳು.”

“ತೋಳು ಚೆನ್ನಾಗಿದೆ. ಕೂತುಕೊಂಡೇ ಒಂದು ಪಟ್ಟು ಹಿಡಿ, ನೋಡೋಣ.”

ಉಸ್ತಾದರು ಮರಿಯಪ್ಪನನ್ನು ಕರೆದರು. ಒಂದು ಕಾಲಕ್ಕೆ ದಿನಾ ಜವರಾಯಿಗೆ ಜೋಡಿಯಾಗಿದ್ದವನು.

“ಏನಪ್ಪ ಮಡಿವಂತ, ನನ್ನ ಬೆವರು ಆಗುತ್ತಾ?” ಎಂದು ನಗುತ್ತ ಮರಿಯಪ್ಪ ಬೆನ್ನು ಕೊಟ್ಟು ಕುಳಿತ.

ಜವರಾಯಿ ಹಿಂದಿನಿಂದ ಕೊರಳಿಗೆ ತೋಳು ಹಾಕಿದ. ಮರಿಯಪ್ಪ ಬಿಡಿಸಿಕೊಳ್ಳಲು ಭುಜ ತಿರುವಿದ. ತೋಳು ಬಿಗಿಯಿತು.

ಮರಿಯಪ್ಪ ಅವನ ತೊಡೆ ತಟ್ಟಿದ. ಸಾಕು, ಬಿಡು ಎಂದು ಗರಡಿಯವರಿಗೆಲ್ಲ ತಿಳಿಯುವ ತಟ್ಟು ಅದು.

ತೋಳು ಇನ್ನೂ ಬಿಗಿಯಿತು.

ಮತ್ತೆ ತಟ್ಟಿದ. ಮುಖ ಕಪ್ಪಿಟ್ಟಿತು. ತಟ್ಟುತ್ತಿದ್ದ ಕೈ ಸೋತು ಮಣ್ಣಿಗೆ ಬಿತ್ತು.

“ಜವರಾಯಿ!”

ಅವನಿಗೆ ಕೇಳಲಿಲ್ಲ.

ಉಸ್ತಾದರು ಅವನ ಕಿರುಬೆರಳು ಹಿಡಿದು ತಿರುಚಿದರು. ತೋಳು ಬಿಚ್ಚಿತು. ಮರಿಯಪ್ಪ ಮಣ್ಣಿಗೆ ಮುಖವಿಟ್ಟು ಕೆಮ್ಮಿದ. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು.

“ಅವನು ತಟ್ಟಿದ್ದು ಗೊತ್ತಾಗಲಿಲ್ಲವೆ?” ಉಸ್ತಾದರು ಜವರಾಯಿಯನ್ನು ಕೇಳಿದರು.

“ಗೊತ್ತಾಯಿತು. ಹೊಡೀತಿದ್ದಾನೆ ಅಂದುಕೊಂಡೆ.”

“ಮೊದಲು ಹಾಗೆ ಅಂದುಕೊಳ್ಳುತ್ತಿದ್ದೆಯ?”

“ಇಲ್ಲ. ತಟ್ಟುವ ಮುಂಚೆಯೇ ತೋಳು ಸಡಿಲ ಆಗೋದು.”

“ಅದನ್ನು ಯಾರು ಕಲಿಸಿದ್ದರು?”

“ಯಾರೂ ಇಲ್ಲ. ಇವನ ಜೊತೆ ದಿನಾ ಬಿದ್ದು ಎದ್ದು ಕೈಗೇ ಬಂದಿತ್ತು.”

ಉಸ್ತಾದರು ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟರು.

“ಇಲ್ಲೂ ಒಂದು ಗರಡಿ ಇತ್ತು. ಕಣ್ಣಿಗೆ ಕಾಣದ ಕೋಟಿ ಜೀವ. ನಿನ್ನ ಕಾವಲಿನವರು ಹುಟ್ಟಿದಂದಿನಿಂದ ಅವುಗಳ ಜೊತೆ ಪಳಗಿದವರು. ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಅಂತ ಅವು ತಟ್ಟಿ ತಟ್ಟಿ ಕಲಿಸಿದ್ದವು. ನೀನು ಗರಡಿ ಖಾಲಿ ಮಾಡಿಸಿದೆ. ಪಾಪ, ಕಾವಲಿನವರು ಜೋಡಿಯಿಲ್ಲದೆ ಸಾಮು ಮಾಡಿದರು.”

ಜವರಾಯಿಯ ದನಿ ಇಳಿಯಿತು. “ಹಾಗಾದರೆ ಅವೆಲ್ಲ ನನ್ನ ಗೆಳೆಯರೇ?”

“ಮರಿಯಪ್ಪ ಯಾವತ್ತಾದರೂ ನಿನಗೆ ಸೋತುಕೊಟ್ಟನೇ?”

“ಎಲ್ಲಿ! ಸಂದು ಸಿಕ್ಕರೆ ಚಿತ್ ಮಾಡೋನು.”

“ಅವೂ ಅಷ್ಟೆ. ಮಟ್ಟಿಯ ಅಂಚು ದಾಟಿ ಒಳಮೈಗೆ ನುಗ್ಗಿದರೆ ಹೊಡೆಯಲೇಬೇಕು. ಅಂಚಿನೊಳಗೆ ಇರುವಷ್ಟು ಕಾಲ ಜೋಡಿ.”

“ಈಗ ನಾನೇನು ಮಾಡಲಿ?”

“ಕಾವಲನ್ನು ತಣಿಸಲು ಡಾಕ್ಟರು ಕೊಟ್ಟದ್ದನ್ನು ಬಿಡಬೇಡ. ನೀನಾಗೇ ಅಂಗಡಿಯ ಮಾತ್ರೆ ನುಂಗಬೇಡ. ಕರುಳು ಮಾಯಲಿ. ಆಮೇಲೆ ಡಾಕ್ಟರನ್ನೇ ಕೇಳಿ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ತಿನ್ನು.”

“ಹೊಟ್ಟೆಯಿಂದ ಹೋದ ಜೀವಗಳು ಮರಳಿ ಬರುತ್ತವೆಯೇ?”

“ಎಲ್ಲವೂ ಬರುವುದಿಲ್ಲ.”

ಜವರಾಯಿ ತನ್ನ ಕೈಗಳನ್ನೇ ನೋಡಿದ.

“ಇನ್ನು ಯಾರ ಮೈಮೇಲೂ ಈ ಕೈ ಇಡೋಲ್ಲ, ಉಸ್ತಾದರೇ. ಇವನು ಸತ್ತೇ ಹೋಗ್ತಿದ್ದ.”

ಉಸ್ತಾದರು ಮೈ ತಿಕ್ಕುವ ಎಣ್ಣೆಯ ಬಟ್ಟಲನ್ನು ಅವನ ಕಡೆ ದೂಡಿದರು. ಅದನ್ನು ಕಂಡು ಮರಿಯಪ್ಪ ಕೊರಳು ಮುಚ್ಚಿಕೊಂಡು ಹಿಂದೆ ಸರಿದ.

“ಕೂತುಕೋ ಮರಿಯಪ್ಪ. ಜವರಾಯಿ, ಅವನ ಕೊರಳಿಗೆ ಎಣ್ಣೆ ತಿಕ್ಕು. ಅದು ಯಾರ ಕೊರಳೆಂದು ನಿನ್ನ ಕೈಗೆ ತಿಳಿಯುವವರೆಗೂ ತಿಕ್ಕು.”