ಸುರುಳಿ ಸುತ್ತಿಕೊಳ್ಳದ ಟೇಪು

ಟೈಲರ್ ನೀಲಾವತಿ ಹೊಲಿಗೆ ಸಾಮಾನು ತುಂಬಿ ಮನೆಮನೆಗೆ ಒಯ್ಯುವ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಒಮ್ಮೆ ಜಾಗಕ್ಕಾಗಿ ಜಗಳ ಹತ್ತಿತು.

“ಊರನ್ನೇ ಅಳೆಯುವವನು ನಾನು. ನನ್ನ ಉದ್ದಕ್ಕೆ ತಕ್ಕ ಜಾಗ ಬೇಕು,” ಎಂದು ಟೇಪು ಮೈಚಾಚಿತು.

“ಸುರುಳಿ ಸುತ್ತಿಕೊಳ್ಳಯ್ಯಾ. ನಾನೂ ಬಾಯಿ ಮುಚ್ಚಿಕೊಂಡೇ ಮಲಗುತ್ತೇನೆ,” ಎಂದಿತು ಕತ್ತರಿ.

“ಮುದುಡಿ ಬಿದ್ದಿರಲು ನಾನೇನು ಚಿಂದಿ ಬಟ್ಟೆಯೇ?” ಎಂದು ಟೇಪು ತಲೆಯನ್ನು ಹೊರಗೇ ಇಟ್ಟುಕೊಂಡಿತು.

ನೀಲಾವತಿ ಅವಸರದಲ್ಲಿ ಮುಚ್ಚಳ ಒತ್ತಿದಳು. ಮುಚ್ಚಳ ಸೊಟ್ಟಗಾಯಿತು, ಅದರ ಅಂಚಿಗೆ ಸಿಕ್ಕ ಟೇಪಿನ ಮೊದಲ ಇಂಚು ತುಂಡಾಗಿ ಉದುರಿತು. ಅದು ತಿಳಿಯದೆ ಅವಳು ಅದೇ ಟೇಪಿನಲ್ಲಿ ಮದುಮಗಳ ಅಳತೆಯನ್ನು ಒಂದಿಂಚು ಹೆಚ್ಚಾಗಿ ತೆಗೆದು, ತನ್ನ ಅಂಗಡಿಯ ಸ್ಕೇಲಿಟ್ಟು ಬಟ್ಟೆ ಕತ್ತರಿಸಿದಳು. ರವಿಕೆ ದೊಗಳೆಯಾಯಿತು, ಬೈಗುಳ ಬಿಗಿಯಾಗಿಯೇ ಬಿತ್ತು.

ಈಗ ಟೇಪು ಡಬ್ಬಿಯ ಹೊರಗಿದೆ. ಸೊಟ್ಟ ಮುಚ್ಚಳ ಬಿಚ್ಚಿಕೊಳ್ಳದಂತೆ ನೀಲಾವತಿ ಅದನ್ನೇ ಸುತ್ತಿ ಗಂಟು ಹಾಕಿದ್ದಾಳೆ.

ಒಳಗಿನಿಂದ ಕತ್ತರಿ ಕೇಳಿತು: “ಉದ್ದಕ್ಕೆ ತಕ್ಕ ಜಾಗ ಸಿಕ್ಕಿತೇನಯ್ಯಾ?”