ಹುಣಸೆಬೀಜದ ಮೂರನೆಯ ಆಯಾಮ

ಚೌಕಾಬಾರದ ಮಣೆಯ ಮೇಲಿದ್ದ ಒಂದು ಹುಣಸೆಬೀಜಕ್ಕೆ ವಿಶ್ವದ ಚಿಂತೆ ಹತ್ತಿಕೊಂಡಿತು. ಕವಡೆ ಬಿದ್ದಷ್ಟು ಮನೆ ಜರುಗಬೇಕಾದ ಕಾಯಿಗೆ ಅದೆಲ್ಲ ಯಾಕೆ ಬೇಕಿತ್ತೋ!

"ಹಸಿರಮ್ಮಾ, ಈ ವಿಶ್ವಕ್ಕೆ ಉದ್ದ ಇದೆ, ಅಗಲ ಇದೆ. ಮೂರನೆಯ ಆಯಾಮವೂ ಒಂದು ಇರಬಹುದೇ?" ಎಂದು ಅದು ಪಕ್ಕದ ಹಸಿರು ಬಳೆಚೂರನ್ನು ಕೇಳಿತು.

ಬಳೆಚೂರು ಕೂತಿದ್ದದ್ದು ಅಡ್ಡಗೆರೆ ಎಳೆದ ಕಟ್ಟೆಯಲ್ಲಿ. ಅಲ್ಲಿದ್ದವರನ್ನು ಯಾರೂ ಕಡಿಯುವಂತಿಲ್ಲ. "ಉದ್ದಕ್ಕೆ ಐದು ಮನೆ, ಅಗಲಕ್ಕೆ ಐದು ಮನೆ. ವಿಶ್ವ ಅಲ್ಲಿಗೆ ಮುಗಿಯಿತು. ಹಿಂದೆ ಅಂಗಿಯ ಗುಂಡಿ ಬರುತ್ತಿದೆ, ಮೊದಲು ಅದನ್ನು ನೋಡಿಕೋ!" ಎಂದು ಗದರಿತು.

ಅಷ್ಟರಲ್ಲಿ ಕವಡೆ ಬಿತ್ತು. ಗುಂಡಿ ಬಂದು ಹುಣಸೆಬೀಜವನ್ನು ಕಡಿದೇಬಿಟ್ಟಿತು. ಒಂದು ಕೈ ಬೀಜವನ್ನು ಮೇಲಕ್ಕೆತ್ತಿ, ಹೊರಟ ಮನೆಗೇ ತಂದು ಕುಕ್ಕಿತು.

"ನಡೆದದ್ದೆಲ್ಲ ದಂಡವಾಯಿತಲ್ಲೋ!" ಎಂದು ಬಳೆಚೂರು ಮರುಗಿತು.

ಬೀಜ ನಿಂತಲ್ಲಿ ನಿಲ್ಲಲಾರದೆ ಕುಣಿಯುತ್ತಿತ್ತು. "ಇದೆ ಹಸಿರಮ್ಮಾ, ಇದೆ! ಅದರ ಹೆಸರು ಎತ್ತರ. ಅಲ್ಲಿಂದ ಇಪ್ಪತ್ತೈದು ಮನೆಗಳೂ ಒಟ್ಟಿಗೇ ಕಾಣುತ್ತವೆ. ನನ್ನನ್ನು ಎತ್ತಿದ ಕೈಯಲ್ಲಿ ನಿಮ್ಮದೇ ಬಣ್ಣದವರು ಇದ್ದರು. ದುಂಡಗೆ, ಘಲ್ಲೆನ್ನುತ್ತ."

"ದುಂಡಗೆ? ನನ್ನ ಹಾಗೆ ಚೂರಲ್ಲವೇ?"

"ಪೂರ್ತಿ ದುಂಡಗೆ. ನಿಮ್ಮ ಬೆನ್ನು ಬಾಗಿದೆಯಲ್ಲ, ಅದೇ ಬಾಗು ಸುತ್ತಿ ಬಂದು ಮತ್ತೆ ಕೂಡಿಕೊಂಡಿತ್ತು."

ಕವಡೆ ಮತ್ತೆ ಬಿದ್ದಾಗ ಬಳೆಚೂರು ಕಟ್ಟೆ ಬಿಟ್ಟು ಹೊರಟು, ಗುಂಡಿಯ ಎದುರಿನ ಮನೆಗೇ ಹೋಗಿ ಕೂತಿತು.

"ಏನಪ್ಪಾ ಗುಂಡಿ, ಇನ್ನೂ ಏನು ನೋಡುತ್ತೀ? ಬೇಗ ಬಂದು ಕಡಿಯಬಾರದೇ!"